ಕೊನೆಯ ಹಿಡಿತ ಯಾರದ್ದು? ಪೈಪ್ ಮತ್ತು ಸಾಕೆಟ್‌ಗಳ ಫೈಲ್ ಡಿಸ್ಕ್ರಿಪ್ಟರ್‌ಗಳನ್ನು ಲಿನಕ್ಸಿನಲ್ಲಿ ಕಣ್ಣಾರೆ ನೋಡುವ ಬಗೆ

ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವವರು ‘ಟೂ ಮೆನಿ ಓಪನ್ ಫೈಲ್ಸ್’ ಎಂಬ ದೂರನ್ನು ಒಂದಲ್ಲ ಒಂದು ದಿನ ಲಾಗಿನಲ್ಲಿ ಕಂಡೇ ಕಂಡಿರುತ್ತಾರೆ. ಆ ಪ್ರೋಗ್ರಾಂ ತೆರೆದಿರುವ ನಿಜವಾದ ಫೈಲುಗಳನ್ನು ಎಣಿಸಿದರೆ ಹತ್ತೋ ಹದಿನೈದೋ ಸಿಗುತ್ತವೆ. ಉಳಿದ ಸಾವಿರ ಎಲ್ಲಿಂದ ಬಂದವು ಎಂದು ಕೇಳುವ ಬದಲು ಮಿತಿಯನ್ನು ಏರಿಸಿ, ಸರ್ವರನ್ನು ಮತ್ತೆ ಚಾಲೂ ಮಾಡಿ ಮನೆಗೆ ಹೋಗುವುದು ವಾಡಿಕೆ. ವಾರ ಕಳೆದ ಮೇಲೆ ಅದೇ ದೂರು ಮತ್ತೆ ಬರುತ್ತದೆ. ಆ ಸಾವಿರದಲ್ಲಿ ಹೆಚ್ಚಿನವು ಸಾಕೆಟ್‌ಗಳು (ಹೆಚ್ಚಾಗಿ ನೆಟ್‌ವರ್ಕ್ ಸಂಪರ್ಕದ ತುದಿಗಳು) ಮತ್ತು ಪೈಪ್‌ಗಳು (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಹರಿಸುವ ದಾರಿಗಳು). ಅವನ್ನು ಯಾರು ಹಿಡಿದುಕೊಂಡಿದ್ದಾರೆ, ಏಕೆ ಬಿಟ್ಟಿಲ್ಲ ಎಂಬುದನ್ನು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಸಾಮಾನ್ಯವಾಗಿ ಮುಚ್ಚಿಡುವುದಿಲ್ಲ. ನೋಡುವುದು ಹೇಗೆಂದು ತಿಳಿದಿರಬೇಕು, ಅಷ್ಟೆ.

ನಿಮಗೆ ಬೇಕಾಗಿರುವುದು ಒಂದು ಲಿನಕ್ಸ್ ಯಂತ್ರ ಮತ್ತು ಪೈಥಾನ್ 3. ವಿಂಡೋಸ್ ಬಳಸುವವರಿಗೆ ಡಬ್ಲ್ಯುಎಸ್‌ಎಲ್ 2 ಸಾಕು, ಅದರೊಳಗೆ ಓಡುವುದು ನಿಜವಾದ ಲಿನಕ್ಸ್ ಕರ್ನಲ್. ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಬೇರೆ ಹೇಳದ ಹೊರತು ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಹೊಡೆಯಿರಿ.

ಮೊದಲು ಸಂಖ್ಯೆಯ ಗುಟ್ಟು

ದೇವಸ್ಥಾನದ ಮುಂದೆ ಚಪ್ಪಲಿ ಕೊಟ್ಟರೆ ಒಂದು ಬಿಲ್ಲೆ ಕೊಡುತ್ತಾರೆ. ಬಿಲ್ಲೆಯ ಮೇಲಿನ 7 ಎಂಬ ಸಂಖ್ಯೆಗೆ ಆ ಅಂಗಳದ ಆಚೆ ಬೆಲೆಯಿಲ್ಲ. ಇನ್ನೊಂದು ದೇವಸ್ಥಾನದಲ್ಲಿ 7ನೇ ಬಿಲ್ಲೆ ಇನ್ನಾರದೋ ಚಪ್ಪಲಿಯನ್ನು ತೋರಿಸುತ್ತದೆ. ಫೈಲ್ ಡಿಸ್ಕ್ರಿಪ್ಟರ್ ಕೂಡ ಇಂಥ ಬಿಲ್ಲೆಯೇ. ಪ್ರತಿಯೊಂದು ಪ್ರೊಸೆಸ್ಸಿಗೂ (ಓಡುತ್ತಿರುವ ಪ್ರೋಗ್ರಾಮಿಗೂ) ಕರ್ನಲ್ ಒಂದು ಪಟ್ಟಿಯನ್ನು ಇಟ್ಟಿರುತ್ತದೆ. ಡಿಸ್ಕ್ರಿಪ್ಟರ್ ಎಂದರೆ ಆ ಪಟ್ಟಿಯಲ್ಲಿನ ಮನೆಯ ಸಂಖ್ಯೆ. 64 ಬಿಟ್ ಯಂತ್ರದಲ್ಲಿ ಶುರುವಿಗೆ 64 ಮನೆಗಳಿರುತ್ತವೆ, ತುಂಬಿದ ಮೇಲೆ ಕರ್ನಲ್ ದೊಡ್ಡ ಪಟ್ಟಿಯನ್ನು ಮಾಡಿಕೊಂಡು ಹಳೆಯದನ್ನು ಅದಕ್ಕೆ ನಕಲಿಸುತ್ತದೆ. ಹೊಸದೇನನ್ನು ತೆರೆದರೂ ಖಾಲಿಯಿರುವ ಮನೆಗಳಲ್ಲಿ ಅತಿ ಚಿಕ್ಕ ಸಂಖ್ಯೆಯದ್ದೇ ಸಿಗಬೇಕು ಎಂಬುದು ಲಿನಕ್ಸ್, ಯುನಿಕ್ಸಿನಂಥ ವ್ಯವಸ್ಥೆಗಳಿಗೆಂದು ಮಾಡಿದ ಪಾಸಿಕ್ಸ್ ಮಾನಕದ ನಿಯಮ. ಈ ನಿಯಮವನ್ನು ನೆನಪಿನಲ್ಲಿಡಿ, ಮುಂದೆ ಇದು ಒಂದು ಅಪಾಯಕ್ಕೂ ಕಾರಣವಾಗುತ್ತದೆ.

ಪಟ್ಟಿಯ ಮನೆಯಲ್ಲಿ ಇರುವುದು ಒಂದು ಬೆರಳು ಮಾತ್ರ. ಅದು ತೋರಿಸುವುದು ‘ತೆರೆದ ಫೈಲ್’ ಎಂಬ ಇನ್ನೊಂದು ವಸ್ತುವನ್ನು. ಕರ್ನಲ್ಲಿನ ಸಿ ಸಂಕೇತದಲ್ಲಿ (ಕೋಡಿನಲ್ಲಿ) ಅದರ ಹೆಸರು ಸ್ಟ್ರಕ್ಟ್ ಫೈಲ್. ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತು, ಕಾಯಬೇಕೇ ಬೇಡವೇ ಎಂಬ ಸೂಚನೆ, ತನ್ನನ್ನು ಎಷ್ಟು ಬೆರಳುಗಳು ತೋರುತ್ತಿವೆ ಎಂಬ ಎಣಿಕೆ, ಎಲ್ಲವೂ ಅಲ್ಲಿರುತ್ತವೆ. ಅದರೊಂದಿಗೆ ‘ರೀಡ್ ಬಂದರೆ ಈ ಕಾರ್ಯವನ್ನು ಕರೆ, ರೈಟ್ ಬಂದರೆ ಆ ಕಾರ್ಯವನ್ನು ಕರೆ’ ಎಂಬ ವಿಳಾಸಗಳ ಕೋಷ್ಟಕವೂ ಇರುತ್ತದೆ. ಡಿಸ್ಕಿನ ಫೈಲಾದರೆ ಕರೆ (ಪ್ರೋಗ್ರಾಂ ಕರ್ನಲ್ಲಿಗೆ ಮಾಡುವ ಕೋರಿಕೆ) ಫೈಲ್ ಸಿಸ್ಟಮ್ಮಿಗೆ ಹೋಗುತ್ತದೆ, ಪೈಪಾದರೆ ಪೈಪಿನ ಸಂಕೇತಕ್ಕೆ, ಸಾಕೆಟ್ ಆದರೆ ನೆಟ್‌ವರ್ಕಿನ ಸಂಕೇತಕ್ಕೆ. ಯುನಿಕ್ಸಿನಲ್ಲಿ ಎಲ್ಲವೂ ಫೈಲ್ ಎಂಬ ಮಾತಿನ ಒಳಗುಟ್ಟು ಈ ಕೋಷ್ಟಕವೇ. ಹಿಂದಕ್ಕೂ ಮುಂದಕ್ಕೂ ಸರಿಯುವ ಎಲ್‌ಸೀಕ್ ಕರೆಯನ್ನು ಮಾತ್ರ ಪೈಪ್ ಮತ್ತು ಸಾಕೆಟ್ ಎರಡೂ ನಿರಾಕರಿಸುತ್ತವೆ. ಹರಿದುಹೋದ ನೀರನ್ನು ಮತ್ತೆ ಓದಲಾಗದು.

ಈಗ ಟರ್ಮಿನಲ್ಲಿನಲ್ಲಿ ಇದನ್ನು ಹೊಡೆಯಿರಿ:

ಎಲ್‌ಎಸ್ -ಎಲ್ /ಪ್ರಾಕ್/ಸೆಲ್ಫ್/ಎಫ್‌ಡಿ

0, 1, 2 ಮೂರೂ ನಿಮ್ಮ ಟರ್ಮಿನಲ್ಲನ್ನು ತೋರಿಸುತ್ತವೆ: ಒಳಬರುವುದು, ಹೊರಹೋಗುವುದು, ದೋಷಸಂದೇಶ. 3 ಎಂಬುದೊಂದು ಕಾಣುತ್ತದಲ್ಲ, ಅದು ಎಲ್‌ಎಸ್ ತಾನೇ ಈ ಕೋಶವನ್ನು (ಡೈರೆಕ್ಟರಿಯನ್ನು) ಓದಲು ತೆರೆದದ್ದು. ನೋಡುವವನ ಕೈಯೂ ಚಿತ್ರದಲ್ಲಿ ಬಂದಂತೆ.

ಪೈಪನ್ನು ಎರಡೂ ತುದಿಯಿಂದ ನೋಡಿ

ಪೈಪ್ ಯುನಿಕ್ಸಿಗೆ ಬಂದದ್ದು 1973ರಲ್ಲಿ. ಪ್ರೋಗ್ರಾಂಗಳನ್ನು ತೋಟದ ಹೋಸ್ ಪೈಪುಗಳಂತೆ ಒಂದಕ್ಕೊಂದು ಜೋಡಿಸಬೇಕೆಂದು ಬೆಲ್ ಲ್ಯಾಬ್ಸಿನ ಡಗ್ ಮೆಕ್‌ಇಲ್ರಾಯ್ ವರ್ಷಗಟ್ಟಲೆ ಹೇಳುತ್ತಿದ್ದರು. ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅದನ್ನು ಬರೆದು ಸೇರಿಸಿದರು.

ಎರಡು ಸ್ಲೀಪ್ ಕಮಾಂಡುಗಳನ್ನು ಪೈಪಿನಿಂದ ಜೋಡಿಸಿ ಹಿನ್ನೆಲೆಗೆ ಕಳಿಸಿ: ಸ್ಲೀಪ್ 500 | ಸ್ಲೀಪ್ 600 &. ಬಳಿಕ ಪಿಗ್ರೆಪ್ ಸ್ಲೀಪ್ ಎಂದು ಹೊಡೆದು ಅವುಗಳ ಪ್ರೊಸೆಸ್ ಸಂಖ್ಯೆಗಳನ್ನು ಪಡೆಯಿರಿ. ಹಿಂದಿನ ಕಮಾಂಡಿನಲ್ಲಿ ‘ಸೆಲ್ಫ್’ ಇದ್ದ ಜಾಗದಲ್ಲಿ ಆ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ ನೋಡಿ. ಮೊದಲನೆಯದರ 1, ಎರಡನೆಯದರ 0, ಎರಡೂ ‘ಪೈಪ್’ ಎಂಬ ಪದ ಮತ್ತು ಚೌಕ ಆವರಣದಲ್ಲಿ ಒಂದೇ ಸಂಖ್ಯೆಯನ್ನು ತೋರಿಸುತ್ತವೆ. ಆ ಸಂಖ್ಯೆ ಐನೋಡ್, ಅಂದರೆ ಫೈಲ್ ಸಿಸ್ಟಮ್ ತನ್ನೊಳಗಿನ ಪ್ರತಿ ವಸ್ತುವಿಗೆ ಕೊಡುವ ಗುರುತಿನ ಸಂಖ್ಯೆ. ಡಿಸ್ಕಿನಲ್ಲಿ ಎಲ್ಲೂ ಇಲ್ಲದ, ಮೆಮೊರಿಯಲ್ಲಷ್ಟೇ ಇರುವ ಪೈಪ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನಲ್ಲಿ ಕರ್ನಲ್ ಅದನ್ನು ಸೃಷ್ಟಿಸಿದೆ.

ಸಾಲಿನ ಎಡತುದಿಯ ಅನುಮತಿ ಅಕ್ಷರಗಳನ್ನೂ ಗಮನಿಸಿ. ಆರಂಭದ ‘ಎಲ್’ ನಂತರ ‘ಆರ್’, ‘ಡಬ್ಲ್ಯು’ ಎರಡರಲ್ಲಿ ‘ಆರ್’ ಮಾತ್ರ ಇದ್ದರೆ ಅದು ಓದುವ ತುದಿ, ‘ಡಬ್ಲ್ಯು’ ಮಾತ್ರ ಇದ್ದರೆ ಬರೆಯುವ ತುದಿ, ಎರಡೂ ಇದ್ದರೆ ಬಹುಮಟ್ಟಿಗೆ ಸಾಕೆಟ್ ಅಥವಾ ಟರ್ಮಿನಲ್. ಇದು ಕಣ್ಣಿಗೆ ಬೀಳದ ಸಣ್ಣ ವಿವರ, ಆದರೆ ನನ್ನ ಎಷ್ಟೋ ರಾತ್ರಿಗಳನ್ನು ಉಳಿಸಿದೆ.

ಪೈಪಿನ ಹೊಟ್ಟೆಯಲ್ಲಿ ಎಷ್ಟು ಹಿಡಿಸುತ್ತದೆ? ಪೈಥಾನಿನಲ್ಲಿ ಓಎಸ್ ಮಾಡ್ಯೂಲಿನ ಪೈಪ್ ಕಾರ್ಯವನ್ನು ಕರೆಯಿರಿ. ಸಿಗುವುದು ಎರಡು ಸಂಖ್ಯೆ, ಸಾಮಾನ್ಯವಾಗಿ 3 ಮತ್ತು 4. ಮೊದಲನೆಯದು ಓದಲು, ಎರಡನೆಯದು ಬರೆಯಲು. ಬರೆಯುವ ತುದಿಯ ಮೇಲೆ ಸೆಟ್_ಬ್ಲಾಕಿಂಗ್ ಕಾರ್ಯದಿಂದ ಕಾಯುವಿಕೆಯನ್ನು ತೆಗೆದು, ಒಂದೊಂದೇ ಬೈಟ್ ಬರೆಯುತ್ತಾ ಎಣಿಸಿ. 65,536 ಬೈಟುಗಳ ನಂತರ ‘ಈಗಾಗದು, ಆಮೇಲೆ ಬಾ’ ಎಂಬ ದೋಷ ಬರುತ್ತದೆ. ತಲಾ 4,096 ಬೈಟುಗಳ 16 ಪುಟಗಳ ಚಕ್ರವೊಂದು ಪೈಪಿನೊಳಗೆ ಇರುವುದರಿಂದ ಈ ಲೆಕ್ಕ. ಕಾಯುವಿಕೆ ಇದ್ದಿದ್ದರೆ ಕರ್ನಲ್ ನಿಮ್ಮ ಪ್ರೊಸೆಸ್ಸನ್ನು ಅಲ್ಲೇ ಮಲಗಿಸಿ, ಓದುವವರು ಜಾಗ ಮಾಡಿಕೊಟ್ಟ ಮೇಲೆ ಎಬ್ಬಿಸುತ್ತಿತ್ತು. 4,096 ಬೈಟಿನವರೆಗಿನ ಬರಹ ಲಿನಕ್ಸಿನಲ್ಲಿ ತುಂಡಾಗದೆ ಹೋಗುತ್ತದೆ. ಹಲವು ಪ್ರೊಸೆಸ್‌ಗಳು ಒಂದೇ ಪೈಪಿಗೆ ಲಾಗ್ ಬರೆಯುವಾಗ ಸಾಲುಗಳು ಒಂದರೊಳಗೊಂದು ಬೆರೆಯದಿರುವುದು ಈ ಭರವಸೆಯಿಂದಲೇ. ಅದಕ್ಕಿಂತ ಉದ್ದದ ಸಾಲು ಬರೆದರೆ ಆ ಭರವಸೆ ಇಲ್ಲ.

ಮುಚ್ಚಿದೆನೆಂದುಕೊಂಡರೆ ಮುಚ್ಚಿದಂತಲ್ಲ

ಇಡೀ ವಿಷಯದ ಜೀವ ಇಲ್ಲಿದೆ, ಇಲ್ಲಿ ಅವಸರ ಮಾಡಬೇಡಿ.

ಪ್ರೊಸೆಸ್ಸೊಂದು ಫೋರ್ಕ್ ಮಾಡಿದಾಗ, ಅಂದರೆ ತನ್ನದೇ ನಕಲಾದ ಮರಿಯನ್ನು ಹುಟ್ಟಿಸಿದಾಗ, ಆ ಮರಿ ಪ್ರೊಸೆಸ್ಸಿಗೆ ಪಟ್ಟಿಯ ನಕಲು ಸಿಗುತ್ತದೆ. ನಕಲಾಗುವುದು ಬೆರಳುಗಳು ಮಾತ್ರ; ಅವು ತೋರಿಸುವ ತೆರೆದ ಫೈಲ್ ಮೊದಲಿನದ್ದೇ, ಅದರ ಎಣಿಕೆ ಒಂದು ಹೆಚ್ಚುತ್ತದೆ. ಕ್ಲೋಸ್ ಎಂಬ ಕರೆ ಮಾಡುವುದು ಎರಡೇ ಕೆಲಸ: ನಿಮ್ಮ ಪಟ್ಟಿಯ ಮನೆಯನ್ನು ಖಾಲಿ ಮಾಡುತ್ತದೆ, ಎಣಿಕೆಯನ್ನು ಒಂದು ಇಳಿಸುತ್ತದೆ. ಎಣಿಕೆ ಸೊನ್ನೆಗೆ ಬಂದಾಗ ಮಾತ್ರ ವಸ್ತು ನಿಜವಾಗಿ ಮುಚ್ಚುತ್ತದೆ.

ಪರೀಕ್ಷಿಸಿ. ಪೈಥಾನಿನಲ್ಲಿ ಪೈಪ್ ಮಾಡಿ, ನಂತರ ಫೋರ್ಕ್ ಮಾಡಿ. ತಾಯಿ ಪ್ರೊಸೆಸ್ ಒಂದು ಸಾಲು ಬರೆದು, ಬರೆಯುವ ತುದಿಯನ್ನು ಮುಚ್ಚಿ, ಮರಿಗಾಗಿ ಕಾಯಲಿ. ಮರಿಯು ಖಾಲಿ ಉತ್ತರ ಬರುವವರೆಗೆ ಓದುತ್ತಲೇ ಇರಲಿ. ಪೈಪಿನಲ್ಲಿ ಖಾಲಿ ಉತ್ತರವೆಂದರೆ ‘ಇನ್ನು ಬರೆಯುವವರು ಯಾರೂ ಇಲ್ಲ’ ಎಂದು ಅರ್ಥ. ಓಡಿಸಿದರೆ ಪ್ರೋಗ್ರಾಂ ಮುಗಿಯುವುದೇ ಇಲ್ಲ. ತಾಯಿ ತನ್ನ ತುದಿಯನ್ನು ಮುಚ್ಚಿದ್ದಾಯಿತಲ್ಲ? ಆಯಿತು. ಆದರೆ ಬರೆಯುವ ತುದಿಯ ಇನ್ನೊಂದು ಬೆರಳು ಮರಿಯ ಪಟ್ಟಿಯಲ್ಲೇ ಇದೆ. ಮರಿ ತನ್ನ ಬರಹಕ್ಕಾಗಿ ತಾನೇ ಕಾಯುತ್ತಾ ಕುಳಿತಿದೆ. ಇನ್ನೊಂದು ಟರ್ಮಿನಲ್ಲಿನಿಂದ ಮರಿಯ ಎಫ್‌ಡಿ ಕೋಶವನ್ನು ನೋಡಿದರೆ ಒಂದೇ ಐನೋಡಿನ ಎರಡೂ ತುದಿಗಳು ಅಲ್ಲೇ ಕಾಣುತ್ತವೆ. ಫೋರ್ಕ್ ಆದ ತಕ್ಷಣ ಮರಿ ಮಾಡಬೇಕಾದ ಮೊದಲ ಕೆಲಸ, ತನಗೆ ಬೇಡದ ತುದಿಯನ್ನು ಮುಚ್ಚುವುದು. ಆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿ; ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ರಾತ್ರಿ ಓಡುವ ವರದಿಯೊಂದು ಇದ್ದಕ್ಕಿದ್ದಂತೆ ಬೆಳಗಾದರೂ ಮುಗಿಯದಾಯಿತು. ಎರಡು ದಿನ ಡೇಟಾಬೇಸನ್ನು ಅನುಮಾನಿಸಿದೆವು. ಕೊನೆಗೆ ನೋಡಿದರೆ, ವರದಿ ಶುರುವಾಗುವ ಹೊತ್ತಿಗೆ ಅದೇ ಪ್ರೋಗ್ರಾಂ ಹುಟ್ಟಿಸಿದ ಲಾಗ್ ಸಂಗ್ರಾಹಕ ಪ್ರೊಸೆಸ್ಸೊಂದು ಪೈಪಿನ ಬರೆಯುವ ತುದಿಯನ್ನು ತನಗರಿವಿಲ್ಲದೆ ಹೊತ್ತುಕೊಂಡು ಹೋಗಿತ್ತು. ಅದು ದಿನವಿಡೀ ಓಡುವಂಥದ್ದು. ಅದು ಸಾಯುವವರೆಗೆ ಪೈಪಿಗೆ ಮುಕ್ತಾಯವಿಲ್ಲ.

ಹೀಗಾಗಲು ಕಾರಣ, ಎಕ್ಸೆಕ್ ಕರೆಯಿಂದ ಹೊಸ ಪ್ರೋಗ್ರಾಂ ಬಂದು ಕೂತರೂ ಹಳೆಯ ಪಟ್ಟಿ ಹಾಗೇ ಉಳಿಯುತ್ತದೆ. ‘ಎಕ್ಸೆಕ್ ಆಗುವಾಗ ಇದನ್ನು ಮುಚ್ಚು’ ಎಂಬ ಗುರುತಿದ್ದವು ಮಾತ್ರ ಮುಚ್ಚುತ್ತವೆ. ಅದಕ್ಕೆ ಕ್ಲೋಸ್-ಆನ್-ಎಕ್ಸೆಕ್ ಎನ್ನುತ್ತಾರೆ. ಮೊದಲು ತೆರೆದು, ಆಮೇಲೆ ಎಫ್‌ಕಂಟ್ರೋಲ್ ಕರೆಯಿಂದ ಗುರುತು ಹಾಕುವುದು ಹಳೆಯ ಪದ್ಧತಿ. ಆ ಎರಡರ ನಡುವಿನ ಕ್ಷಣದಲ್ಲಿ ಇನ್ನೊಂದು ಥ್ರೆಡ್ (ಅದೇ ಪ್ರೊಸೆಸ್ಸಿನೊಳಗೆ ಜೊತೆಗೇ ಓಡುವ ಎಳೆ) ಫೋರ್ಕ್ ಮತ್ತು ಎಕ್ಸೆಕ್ ಮಾಡಿಬಿಟ್ಟರೆ ಬಿಲ್ಲೆ ಸೋರಿಹೋಗುತ್ತದೆ. ತೆರೆಯುವಾಗಲೇ ಗುರುತು ಹಾಕಲು 2008ರಲ್ಲಿ ಕರ್ನಲ್ 2.6.27ಕ್ಕೆ ಪೈಪ್2 ಎಂಬ ಕರೆ ಬಂತು, ಅದರ ಮುಂದಿನ ಆವೃತ್ತಿಗೆ ಆಕ್ಸೆಪ್ಟ್4. ಸಿ ಬರೆಯುವವರು ಇವನ್ನೇ ಬಳಸಬೇಕು, ಹಳೆಯವನ್ನು ಮರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೈಥಾನ್ 3.4ರಿಂದ ಈಚೆಗೆ ಈ ಗುರುತು ತಾನಾಗಿಯೇ ಬೀಳುತ್ತದೆ. ಆದರೂ ಬರಿಯ ಫೋರ್ಕಿಗೆ ಅದರಿಂದ ರಕ್ಷಣೆಯಿಲ್ಲ, ಮೇಲಿನ ಪ್ರಯೋಗದಲ್ಲಿ ನೀವೇ ನೋಡಿದಿರಿ.

ಕ್ಲೋಸ್-ಆನ್-ಎಕ್ಸೆಕ್ ಗುರುತು ಬಿಲ್ಲೆಗೆ ಸೇರಿದ್ದು. ‘ಕಾಯಬೇಡ’ ಎಂಬ ಗುರುತು ಹಾಗಲ್ಲ, ಅದು ಹಿಂದಿರುವ ತೆರೆದ ಫೈಲಿಗೆ ಸೇರಿದ್ದು. ಒಬ್ಬರು ಹಾಕಿದರೆ ಅದೇ ವಸ್ತುವನ್ನು ಹಿಡಿದ ಎಲ್ಲರಿಗೂ ಅನ್ವಯಿಸುತ್ತದೆ. /ಪ್ರಾಕ್ ಕೆಳಗಿನ ಪ್ರೊಸೆಸ್ ಕೋಶದಲ್ಲಿ ಎಫ್‌ಡಿಇನ್ಫೋ ಎಂಬ ಇನ್ನೊಂದು ಕೋಶವಿದೆ. ಅಲ್ಲಿ ಫ್ಲ್ಯಾಗ್ಸ್ ಸಾಲಿನಲ್ಲಿ ಅಷ್ಟಮಾನ ಸಂಖ್ಯೆ ಕಾಣುತ್ತದೆ: ಸಾಮಾನ್ಯ ಪಿಸಿಯಲ್ಲಿ 04000 ಸೇರಿದ್ದರೆ ಕಾಯದ ಗುರುತು, 02000000 ಸೇರಿದ್ದರೆ ಎಕ್ಸೆಕ್ ಗುರುತು.

ಇನ್ನು ಉಲ್ಟಾ ಸಂದರ್ಭ, ಓದುವವರೇ ಇಲ್ಲದ ಪೈಪ್. ಯೆಸ್ | ಹೆಡ್ -1 ಎಂದು ಹೊಡೆಯಿರಿ. ಹೆಡ್ ಒಂದು ಸಾಲು ಓದಿ ಹೊರಟುಹೋಗುತ್ತದೆ, ಮುಂದಿನ ಬರಹಕ್ಕೆ ಕರ್ನಲ್ ಸಿಗ್‌ಪೈಪ್ ಎಂಬ ಸಿಗ್ನಲ್ ಕಳಿಸಿ ಯೆಸ್ ಅನ್ನು ಕೊಲ್ಲುತ್ತದೆ. ಬ್ಯಾಷ್ ಶೆಲ್ಲಿನ ಪೈಪ್‌ಸ್ಟೇಟಸ್ ಚರಾಂಶದಲ್ಲಿ (ಇದು ಮಾತ್ರ ಪೂರ್ತಿ ದೊಡ್ಡ ಅಕ್ಷರ: PIPESTATUS) 141 ಸಿಗುತ್ತದೆ: 128ಕ್ಕೆ ಆ ಸಿಗ್ನಲ್ಲಿನ ಸಂಖ್ಯೆ 13 ಸೇರಿಸಿದ್ದು. ಸಾಕೆಟ್‌ಗೂ ಇದೇ ಶಿಕ್ಷೆ. ಅದಕ್ಕೇ ಸರ್ವರ್ ಬರೆಯುವವರು ಸಿಗ್‌ಪೈಪನ್ನು ಮೊದಲೇ ನಿರ್ಲಕ್ಷಿಸಿ, ಬರಹ ಸೋತಾಗ ಬರುವ ದೋಷವನ್ನು ತಾವೇ ನೋಡಿಕೊಳ್ಳುತ್ತಾರೆ.

ಸಾಕೆಟ್: ಹೊರಗೂ ಒಂದು ಲೋಕವಿದೆ

ಸಾಕೆಟ್ ಕರೆಗಳು ಯುನಿಕ್ಸಿನ ಒಂದು ಕವಲಾದ 1983ರ 4.2 ಬಿಎಸ್‌ಡಿಯೊಂದಿಗೆ ಬಂದವು. ಪೈಪಿನ ಎರಡೂ ತುದಿ ಒಂದೇ ಯಂತ್ರದಲ್ಲಿರುತ್ತವೆ. ನೆಟ್‌ವರ್ಕಿನಲ್ಲಿ ಟಿಸಿಪಿ ನಿಯಮದಂತೆ ಮಾತಾಡುವ ಸಾಕೆಟ್ಟಿನ ಇನ್ನೊಂದು ತುದಿ ಎಲ್ಲೋ ಇರಬಹುದು. ಆದ್ದರಿಂದ ಸಾಕೆಟ್ಟಿನ ತೆರೆದ ಫೈಲಿನ ಹಿಂದೆ ಕರ್ನಲ್ ಇನ್ನೂ ಎರಡು ವಸ್ತುಗಳನ್ನು ಇಡುತ್ತದೆ: ಪ್ರೋಗ್ರಾಂ ಕಡೆಗೆ ಮುಖ ಮಾಡಿದ ಸ್ಟ್ರಕ್ಟ್ ಸಾಕೆಟ್, ನೆಟ್‌ವರ್ಕ್ ಕಡೆಗೆ ಮುಖ ಮಾಡಿದ ಸ್ಟ್ರಕ್ಟ್ ಸಾಕ್. ಬಫರ್‌ಗಳು, ಟಿಸಿಪಿಯ ಸ್ಥಿತಿ ಎಲ್ಲ ಎರಡನೆಯದರಲ್ಲಿ.

ಒಂದು ಟರ್ಮಿನಲ್ಲಿನಲ್ಲಿ ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000 ಎಂದು ಓಡಿಸಿ. ಇನ್ನೊಂದರಲ್ಲಿ ಎಸ್‌ಎಸ್ -ಟಿಎಲ್‌ಎನ್‌ಪಿ ಎಂದು ಹೊಡೆದರೆ ಕೇಳುತ್ತಾ ಕುಳಿತ ಸಾಕೆಟ್, ಅದರ ಪ್ರೊಸೆಸ್, ಅದರ ಡಿಸ್ಕ್ರಿಪ್ಟರ್ ಸಂಖ್ಯೆ ಮೂರೂ ಕಾಣುತ್ತವೆ. ಎನ್‌ಸಿ ಲೋಕಲ್‌ಹೋಸ್ಟ್ 8000 ಎಂದು ಸಂಪರ್ಕಿಸಿ ಏನನ್ನೂ ಕಳಿಸದೆ ಸುಮ್ಮನಿರಿ. ಈಗ ಸರ್ವರಿನ ಎಫ್‌ಡಿ ಕೋಶದಲ್ಲಿ ಹೊಸ ಸಂಖ್ಯೆಯೊಂದು ಹುಟ್ಟಿದೆ. ಕೇಳುವ ಸಾಕೆಟ್ ಬಾಗಿಲು ಮಾತ್ರ. ಒಳಗೆ ಬಂದ ಪ್ರತಿಯೊಬ್ಬರಿಗೂ ಆಕ್ಸೆಪ್ಟ್ ಕರೆ ಬೇರೆಯೇ ಬಿಲ್ಲೆ ಕೊಡುತ್ತದೆ. ಆಕ್ಸೆಪ್ಟ್ ಆಗುವ ಮೊದಲು ಕೈಕುಲುಕಿ ನಿಂತವರು ಕರ್ನಲ್ಲಿನ ಸಾಲಿನಲ್ಲಿ ಕಾಯುತ್ತಾರೆ. ಅವರಿಗೆ ಇನ್ನೂ ಡಿಸ್ಕ್ರಿಪ್ಟರ್ ಇಲ್ಲ. ಆ ಸಾಲಿನ ಗರಿಷ್ಠ ಉದ್ದದ ಪೂರ್ವನಿಗದಿ ಬಹುಕಾಲ 128 ಇತ್ತು, ಕರ್ನಲ್ 5.4ರಲ್ಲಿ 4,096 ಆಯಿತು.

ಮುಚ್ಚುವ ವಿಷಯದಲ್ಲಿ ಸಾಕೆಟ್ ಪೈಪಿಗಿಂತ ಸೂಕ್ಷ್ಮ. ನೀವು ಕ್ಲೋಸ್ ಮಾಡಿದರೂ ಮರಿ ಪ್ರೊಸೆಸ್ಸಿನಲ್ಲಿ ಇನ್ನೊಂದು ಬೆರಳಿದ್ದರೆ ಎದುರಿನವರಿಗೆ ‘ಮುಗಿಯಿತು’ ಎಂಬ ಫಿನ್ ಸಂದೇಶ ಹೋಗುವುದಿಲ್ಲ. ಬ್ರೌಸರ್ ಸುಮ್ಮನೆ ಸುತ್ತುತ್ತಾ ಇರುತ್ತದೆ. ಶಟ್‌ಡೌನ್ ಕರೆ ಹಾಗಲ್ಲ: ಎಷ್ಟು ಜನ ಹಿಡಿದಿದ್ದರೂ ಲೆಕ್ಕಿಸದೆ ಸಂಪರ್ಕವನ್ನೇ ಮುಗಿಸುತ್ತದೆ, ಆದರೆ ಬಿಲ್ಲೆಯನ್ನು ವಾಪಸು ಕೊಡುವುದಿಲ್ಲ. ಅದಕ್ಕೆ ಕ್ಲೋಸ್ ಬೇಕೇ ಬೇಕು. ಬಂದ ದತ್ತಾಂಶವನ್ನು ಪೂರ್ತಿ ಓದದೆ ಮುಚ್ಚಿದರೆ ಲಿನಕ್ಸ್ ಮರ್ಯಾದೆಯ ಫಿನ್ ಬದಲು ಸಂಪರ್ಕವನ್ನು ಥಟ್ಟನೆ ಕಡಿಯುವ ರೀಸೆಟ್ ಕಳಿಸುತ್ತದೆ ಎಂಬುದನ್ನೂ ತಿಳಿದಿರಿ.

ಎಸ್‌ಎಸ್ -ಟಿಎಎನ್‌ಪಿ ತೋರಿಸುವ ಸ್ಥಿತಿಗಳಲ್ಲಿ ಎರಡನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಟೈಮ್-ವೇಟ್ ಎಂದರೆ ಬಿಲ್ಲೆ ವಾಪಸಾಗಿದೆ, ಕರ್ನಲ್ ಮಾತ್ರ ತಡವಾಗಿ ಬರಬಹುದಾದ ಪ್ಯಾಕೆಟ್‌ಗಳಿಗಾಗಿ 60 ಸೆಕೆಂಡು ನೆನಪಿಟ್ಟುಕೊಂಡಿದೆ. ಅದು ನಿಮ್ಮ ಡಿಸ್ಕ್ರಿಪ್ಟರ್ ಮಿತಿಯನ್ನು ತಿನ್ನುವುದಿಲ್ಲ, ಹೆದರಬೇಡಿ. ಕ್ಲೋಸ್-ವೇಟ್ ಎಂದರೆ ಎದುರಿನವರು ಮುಚ್ಚಿ ಹೊರಟುಹೋಗಿದ್ದಾರೆ, ನಿಮ್ಮ ಪ್ರೋಗ್ರಾಂ ಇನ್ನೂ ಬಿಲ್ಲೆ ಹಿಡಿದಿದೆ. ಇದು ತಾನಾಗಿ ಕರಗುವುದಿಲ್ಲ. ಇದರ ಸಂಖ್ಯೆ ಗಂಟೆಯಿಂದ ಗಂಟೆಗೆ ಏರುತ್ತಿದ್ದರೆ ತಪ್ಪು ನಿಮ್ಮ ಸಂಕೇತದಲ್ಲೇ ಇದೆ, ಬಹುತೇಕ ದೋಷ ಬಂದಾಗ ಹೋಗುವ ದಾರಿಯಲ್ಲಿ ಕ್ಲೋಸ್ ಮರೆತಿದೆ.

ಸಂಖ್ಯೆ ಮರುಬಳಕೆಯ ಅಪಾಯ

ಅತಿ ಚಿಕ್ಕ ಖಾಲಿ ಸಂಖ್ಯೆಯೇ ಸಿಗುತ್ತದೆ ಎಂದೆನಲ್ಲ. ಒಂದು ಥ್ರೆಡ್ 9ನ್ನು ಮುಚ್ಚಿತು ಎನ್ನಿ. ಅದೇ ಕ್ಷಣದಲ್ಲಿ ಹೊಸ ಗ್ರಾಹಕರೊಬ್ಬರ ಸಂಪರ್ಕ ಬಂದು ಅವರಿಗೂ 9 ಸಿಕ್ಕಿತು. ಹಳೆಯ 9ನ್ನು ಇನ್ನೂ ನೆನಪಿಟ್ಟುಕೊಂಡಿದ್ದ ಇನ್ನೊಂದು ಥ್ರೆಡ್ ಅದಕ್ಕೆ ಬರೆದರೆ ಒಬ್ಬರ ಖಾತೆಯ ವಿವರ ಇನ್ನೊಬ್ಬರ ಪರದೆಗೆ ಹೋಗುತ್ತದೆ. ಕರ್ನಲ್ಲಿನ ಕಣ್ಣಿಗೆ ಇದರಲ್ಲಿ ತಪ್ಪೇನೂ ಕಾಣದು, ಯಾವ ದೋಷಸಂದೇಶವೂ ಬರುವುದಿಲ್ಲ. ಇದೇ ಕಾರಣಕ್ಕೆ ಲಿನಕ್ಸಿನಲ್ಲಿ ಕ್ಲೋಸ್ ಕರೆ ‘ಸಿಗ್ನಲ್ಲಿನಿಂದ ಅಡ್ಡಿಯಾಯಿತು’ ಎಂಬ ದೋಷ ಕೊಟ್ಟರೂ ಮತ್ತೆ ಕರೆಯಬೇಡಿ. ಆ ಹೊತ್ತಿಗಾಗಲೇ ಮನೆ ಖಾಲಿಯಾಗಿರುತ್ತದೆ, ಎರಡನೆಯ ಕ್ಲೋಸ್ ಇನ್ನಾರದೋ ಸಂಪರ್ಕವನ್ನು ಕಡಿಯಬಹುದು. ಒಂದು ಡಿಸ್ಕ್ರಿಪ್ಟರಿಗೆ ಒಬ್ಬನೇ ಒಡೆಯ, ಮುಚ್ಚುವ ಹಕ್ಕು ಅವನಿಗೆ ಮಾತ್ರ ಎಂದು ಸಂಕೇತ ಬರೆಯುವಾಗಲೇ ಗೊತ್ತು ಮಾಡಿಕೊಳ್ಳಿ.

ಮಿತಿ ಮುಟ್ಟಿದಾಗ ಮಾಡಬೇಕಾದದ್ದು

ಮೊದಲು ದೂರನ್ನು ಸರಿಯಾಗಿ ಓದಿ. ಕೊನೆಯಲ್ಲಿ ‘ಇನ್ ಸಿಸ್ಟಮ್’ ಎಂದಿದ್ದರೆ ಇಡೀ ಯಂತ್ರದ ಮಿತಿ ಮುಗಿದಿದೆ, ಅದು ಅಪರೂಪ. ಇಲ್ಲವಾದರೆ ಆ ಪ್ರೊಸೆಸ್ಸಿನದ್ದು. /ಪ್ರಾಕ್ ಕೆಳಗೆ ಆ ಪ್ರೊಸೆಸ್ಸಿನ ಲಿಮಿಟ್ಸ್ ಕಡತದಲ್ಲಿ ಮೃದು ಮಿತಿ (ಈಗ ಜಾರಿಯಲ್ಲಿರುವುದು), ಗಟ್ಟಿ ಮಿತಿ (ಅದನ್ನು ಏರಿಸಬಹುದಾದ ಗರಿಷ್ಠ) ಎರಡೂ ಇರುತ್ತವೆ. ಮೃದು ಮಿತಿ ಸಾಮಾನ್ಯವಾಗಿ 1,024. ಹಲವು ಡಿಸ್ಕ್ರಿಪ್ಟರುಗಳನ್ನು ಒಟ್ಟಿಗೆ ಕಾಯುವ ಹಳೆಯ ಸೆಲೆಕ್ಟ್ ಕರೆಯ ಪಟ್ಟಿಯಲ್ಲಿ 1,024 ಜಾಗಗಳಷ್ಟೇ ಇರುವುದರಿಂದ, ಅದಕ್ಕಿಂತ ದೊಡ್ಡ ಸಂಖ್ಯೆ ಸಿಕ್ಕರೆ ಅಂಥ ಪ್ರೋಗ್ರಾಂ ಮೆಮೊರಿಯನ್ನೇ ಕೆಡಿಸಬಹುದು. ನಿಮ್ಮ ಪ್ರೋಗ್ರಾಂ ಈ ಕಟ್ಟುಪಾಡಿಲ್ಲದ ಈಪೋಲ್ ಅಥವಾ ಪೋಲ್ ಕರೆಯನ್ನು ಬಳಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳದೆ ಮಿತಿ ಏರಿಸಬೇಡಿ.

ನಂತರ ಎಫ್‌ಡಿ ಕೋಶದ ಸಾಲುಗಳನ್ನು ಎಣಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಗ್ರಾಹಕರ ಸಂಖ್ಯೆಯೊಂದಿಗೆ ಏರಿ ಇಳಿಯುತ್ತಿದ್ದರೆ ಸರ್ವರಿಗೆ ನಿಜಕ್ಕೂ ಹೆಚ್ಚು ಬಿಲ್ಲೆಗಳು ಬೇಕು. ಸಿಸ್ಟಮ್‌ಡಿ (ಸೇವೆಗಳನ್ನು ಶುರುಮಾಡಿ ನಡೆಸುವ ವ್ಯವಸ್ಥೆ) ನೋಡಿಕೊಳ್ಳುವ ಸೇವೆಯಾದರೆ ಅದರ ಸಂರಚನಾ ಕಡತದ ಲಿಮಿಟ್‌ನೋಫೈಲ್ (LimitNOFILE) ಸಾಲಿನಲ್ಲಿ ಏರಿಸಿ. ಓಡುತ್ತಿರುವ ಪ್ರೊಸೆಸ್ಸಿನದ್ದನ್ನು ನಿಲ್ಲಿಸದೆ ಬದಲಿಸಲು ಪಿಆರ್‌ಲಿಮಿಟ್ ಕಮಾಂಡ್ ಇದೆ. ಏರಿದ್ದು ಇಳಿಯುವುದೇ ಇಲ್ಲವಾದರೆ ಅದು ಸೋರಿಕೆ, ಎಷ್ಟು ಏರಿಸಿದರೂ ತುಂಬುತ್ತದೆ.

ಸೋರಿಕೆಯಾದರೆ, ಹೆಚ್ಚು ಕಾಣುವ ಬಗೆ ಯಾವುದು ನೋಡಿ. ಸಾಕೆಟ್ ಆದರೆ ಎಸ್‌ಎಸ್‌ನಲ್ಲಿ ಕ್ಲೋಸ್-ವೇಟ್ ಹುಡುಕಿ. ಎದುರಿನ ವಿಳಾಸ ನೋಡಿದರೆ ಯಾವ ಸೇವೆಯೊಂದಿಗಿನ ಮಾತುಕತೆ ಮುಚ್ಚದೆ ಉಳಿದಿದೆ ಎಂಬುದು ಗೊತ್ತಾಗುತ್ತದೆ. ಪೈಪ್ ಆದರೆ ಐನೋಡ್ ಸಂಖ್ಯೆಯನ್ನು ಬರೆದುಕೊಂಡು, ರೂಟ್ ಅಧಿಕಾರದಲ್ಲಿ ಎಲ್‌ಎಸ್‌ಓಎಫ್ ಓಡಿಸಿ, ಗ್ರೆಪ್‌ನಿಂದ ಅದೇ ಸಂಖ್ಯೆಯನ್ನು ಹುಡುಕಿ. ಯಂತ್ರದಲ್ಲಿ ಆ ಪೈಪನ್ನು ಹಿಡಿದ ಎಲ್ಲ ಪ್ರೊಸೆಸ್‌ಗಳ ಹೆಸರು ಸಾಲಾಗಿ ಬರುತ್ತದೆ. ಡಿಸ್ಕ್ರಿಪ್ಟರ್ ಸಂಖ್ಯೆಯ ಪಕ್ಕದ ‘ಆರ್’ ಓದುವವರು, ‘ಡಬ್ಲ್ಯು’ ಬರೆಯುವವರು. ನಮ್ಮ ಲಾಗ್ ಸಂಗ್ರಾಹಕ ಸಿಕ್ಕಿಬಿದ್ದದ್ದು ಈ ಹುಡುಕಾಟದಲ್ಲೇ.

ಅಪರೂಪಕ್ಕೆ ಯಾರ ಪಟ್ಟಿಯಲ್ಲೂ ಹಿಡಿತ ಕಾಣದೆ ವಸ್ತು ಮಾತ್ರ ಜೀವಂತ ಇರುತ್ತದೆ. ಒಂದೇ ಯಂತ್ರದೊಳಗೆ ಬಳಸುವ ಯುನಿಕ್ಸ್ ಸಾಕೆಟ್ಟಿನ ಮೂಲಕ ಒಂದು ಪ್ರೊಸೆಸ್ ಇನ್ನೊಂದಕ್ಕೆ ಡಿಸ್ಕ್ರಿಪ್ಟರನ್ನೇ ಕಳಿಸಬಹುದು. ಕಳಿಸಿದವರು ತಮ್ಮದನ್ನು ಮುಚ್ಚಿ, ಪಡೆಯಬೇಕಾದವರು ಇನ್ನೂ ಓದದಿದ್ದರೆ ಅದು ಸಂದೇಶದ ಸಾಲಿನಲ್ಲೇ ಎಣಿಕೆ ಹಿಡಿದು ಕುಳಿತಿರುತ್ತದೆ. ಹೀಗೆ ಡಿಸ್ಕ್ರಿಪ್ಟರ್ ಹಂಚಿಕೊಳ್ಳುವ ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿದ್ದರೆ, ಓದದೆ ಉಳಿದ ಯುನಿಕ್ಸ್ ಸಾಕೆಟ್‌ಗಳಿವೆಯೇ ಎಂದು ಎಸ್‌ಎಸ್ -ಎಕ್ಸ್‌ಪಿ ಕೊಡುವ ಪಟ್ಟಿಯ ರಿಸೀವ್-ಕ್ಯೂ ಕಂಬಸಾಲಿನಲ್ಲಿ ನೋಡಿ. ಅಲ್ಲಿ ಸೊನ್ನೆಯಲ್ಲದ ಅಂಕಿ ಇಳಿಯದೆ ನಿಂತಿದ್ದರೆ, ಓದಬೇಕಿದ್ದ ಪ್ರೊಸೆಸ್ ಯಾವುದೆಂಬುದು ಅದೇ ಸಾಲಿನ ಕೊನೆಯಲ್ಲಿರುತ್ತದೆ.